ಹೆಸರು, ನೆಲ ಮತ್ತು ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯವೊಂದು ಯಾರದು ಎಂಬ ಪ್ರಶ್ನೆಗೆ ಅದರ ಹೆಸರು ಎಷ್ಟರಮಟ್ಟಿಗೆ ಉತ್ತರವಾಗಬಲ್ಲುದು? ದೆಹಲಿಯ ನೆರೆಯ ನೋಯ್ಡಾ ಪ್ರದೇಶವನ್ನು ನೋಡಿದವರಿಗೆ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 1997ರಲ್ಲಿ ರೂಪುಗೊಂಡ ಆ ಜಿಲ್ಲೆಗೆ ಗೌತಮ ಬುದ್ಧನ ಹೆಸರಿದೆ. 2011ರಲ್ಲಿ ಅಲ್ಲಿ ರಾಷ್ಟ್ರೀಯ ದಲಿತ ಪ್ರೇರಣಾ ಸ್ಥಳವು ಉದ್ಘಾಟನೆಗೊಂಡಿತು. ಗ್ರೇಟರ್ ನೋಯ್ಡಾದಲ್ಲಿ 511 ಎಕರೆಗಳ ಆವರಣವುಳ್ಳ ಗೌತಮ ಬುದ್ಧ ವಿಶ್ವವಿದ್ಯಾನಿಲಯವು 2002ರ ಕಾಯಿದೆಯ ಮೂಲಕ ಹುಟ್ಟಿ, ಮಾಯಾವತಿಯವರು ಮುಖ್ಯಮಂತ್ರಿಯಾಗಿದ್ದ 2008ರಲ್ಲಿ ಬೋಧನೆಯನ್ನು ಆರಂಭಿಸಿತು. ಅದರ ಗ್ರಂಥಾಲಯ ಅಂಬೇಡ್ಕರರ ಹೆಸರಿನದು. ವಿದ್ಯಾರ್ಥಿನಿಲಯಗಳಲ್ಲಿ ಸಾವಿತ್ರಿಬಾಯಿ ಫುಲೆ, ಬಿರ್ಸಾ ಮುಂಡಾ ಮುಂತಾದವರ ನೆನಪಿದೆ. ಶತಮಾನಗಳ ಕಾಲ ಅಕ್ಷರದಿಂದ ಹೊರಗಿಡಲ್ಪಟ್ಟ ಸಮುದಾಯಗಳು ತಮ್ಮ ಹಿರಿಯರ ಹೆಸರನ್ನು ವಿದ್ಯಾಮಂದಿರದ ಬಾಗಿಲ ಮೇಲೆ ಕಾಣುವುದು ಸಣ್ಣ ಮಾತಲ್ಲ. ಇದನ್ನು ಬರಿಯ ಕಲ್ಲುಗಾರೆಯ ರಾಜಕಾರಣವೆಂದು ಹಗುರಾಗಿ ನುಡಿಯುವವರು ಬೇರೆ ವಿಶ್ವವಿದ್ಯಾನಿಲಯಗಳ ಹೆಸರುಗಳನ್ನು ಎಂದೂ ಪ್ರಶ್ನಿಸಿದವರಲ್ಲ.

ಆದರೂ ಹೆಸರಿನಿಂದಷ್ಟೇ ಒಡೆತನ ಬರುವುದಿಲ್ಲ. ಇದಕ್ಕೆ ಅಮೆರಿಕದ ಕಪ್ಪುಜನರ ಸಾರ್ವಜನಿಕ ವಿಶ್ವವಿದ್ಯಾನಿಲಯಗಳ ಚರಿತ್ರೆಯೇ ಸಾಕ್ಷಿ. ಉತ್ತರ ಕೆರೊಲಿನಾದ ಫೆಯೆಟ್‌ವಿಲ್ ಪಟ್ಟಣದಲ್ಲಿ 1867ರಲ್ಲಿ, ಗುಲಾಮಗಿರಿ ಅಳಿದ ಎರಡೇ ವರ್ಷಗಳಲ್ಲಿ, ಏಳು ಮಂದಿ ಕಪ್ಪುಜನರು 136 ಡಾಲರು ಕೂಡಿಸಿ ಶಾಲೆಗೆಂದು ನೆಲವನ್ನು ಕೊಂಡರು. 1877ರಲ್ಲಿ ಅದನ್ನು ರಾಜ್ಯದ ಶಾಸನಸಭೆ ಕಪ್ಪು ಶಿಕ್ಷಕರ ತರಬೇತಿ ಶಾಲೆಯಾಗಿ ಆರಿಸಿಕೊಂಡಿತು. ಮುಂದೆ ಕಥೆಗಾರನೆಂದು ಹೆಸರಾದ ಚಾರ್ಲ್ಸ್ ಚೆಸ್ನಟ್ 1880ರಿಂದ 1883ರವರೆಗೆ ಅದರ ಮುಖ್ಯಸ್ಥನಾಗಿದ್ದ. 1969ರಲ್ಲಿ ಅದು ಫೆಯೆಟ್‌ವಿಲ್ ರಾಜ್ಯ ವಿಶ್ವವಿದ್ಯಾನಿಲಯವಾಯಿತು. ಸರ್ಕಾರ ಬರುವ ಮೊದಲೇ ಸಮುದಾಯ ಅಲ್ಲಿ ನೆಲವನ್ನು ಕೊಂಡಿತ್ತು ಎಂಬುದು ಗಮನಾರ್ಹ.

ಸರ್ಕಾರದ ಔದಾರ್ಯವಾದರೂ ಎಂಥದು? 1862ರ ಮೊರಿಲ್ ಕಾಯಿದೆ ರಾಜ್ಯಗಳಿಗೆ ಕಾಲೇಜಿಗಾಗಿ ಅಪಾರ ಭೂಮಿಯನ್ನು ಕೊಟ್ಟಿತು. ಅದು ಬಹುಪಾಲು ಮೂಲನಿವಾಸಿಗಳಿಂದ ಪಡೆದ ಭೂಮಿ. 1890ರ ಎರಡನೆಯ ಕಾಯಿದೆ, ಕಪ್ಪುಜನರನ್ನು ಸೇರಿಸಿಕೊಳ್ಳದ ರಾಜ್ಯ ಅವರಿಗಾಗಿ ಬೇರೆಯೇ ಸಂಸ್ಥೆಯನ್ನು ಕಟ್ಟಬೇಕೆಂದು ವಿಧಿಸಿತು. ಆದರೆ ಈ ಬಾರಿ ಕೊಟ್ಟದ್ದು ಭೂಮಿಯಲ್ಲ, ವಾರ್ಷಿಕ ಹಣ. ಭೂದಾನದ ಕಾಲೇಜೆಂಬ ಹೆಸರು ಮಾತ್ರ ಅವಕ್ಕೂ ಉಳಿಯಿತು. ಮೂರು ದಶಕಗಳ ಅವಧಿಯಲ್ಲಿ ಹದಿನಾರು ರಾಜ್ಯಗಳಲ್ಲಿ ಇಂಥ ಸಂಸ್ಥೆಗಳಿಗೆ 1,200 ಕೋಟಿ ಡಾಲರಿಗೂ ಹೆಚ್ಚು ಕಡಿಮೆ ಸಂದಿದೆಯೆಂದು 2023ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರವೇ ರಾಜ್ಯಪಾಲರಿಗೆ ಬರೆಯಿತು. ಹೀಗಿದ್ದೂ 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದ ಊಟದ ಕಟ್ಟೆಯಲ್ಲಿ ಕುಳಿತು ಚರಿತ್ರೆಯನ್ನು ತಿರುಗಿಸಿದ ನಾಲ್ವರು ಅಂಥದೊಂದು ಬಡ ಕಾಲೇಜಿನ ಮೊದಲ ವರ್ಷದ ಹುಡುಗರು. ಅವರ ಆಲೋಚನೆ ಬಲಿತದ್ದು ತರಗತಿಯಲ್ಲಲ್ಲ, ವಿದ್ಯಾರ್ಥಿನಿಲಯದ ಕೋಣೆಯಲ್ಲಿ.

ನೋಯ್ಡಾದ ಸ್ಥಿತಿ ಇದಕ್ಕೆ ತಿರುಗುಮುರುಗು. ಅಲ್ಲಿ ನೆಲಕ್ಕೆ ಕೊರತೆಯಿಲ್ಲ. ಆದರೆ ಸಂಸ್ಥೆ ಸಮುದಾಯ ಕಟ್ಟಿದ್ದಲ್ಲ, ಸರ್ಕಾರ ಮತ್ತು ಅಭಿವೃದ್ಧಿ ಪ್ರಾಧಿಕಾರಗಳು ಕಟ್ಟಿದ್ದು. ಅದೇ ಜಿಲ್ಲೆಯ ಭಟ್ಟಾ ಪಾರ್ಸೌಲ್‌ನಲ್ಲಿ 2011ರಲ್ಲಿ ಭೂಸ್ವಾಧೀನದ ವಿರುದ್ಧ ರೈತರು ಎದ್ದು ಪ್ರಾಣಹಾನಿಯಾದುದನ್ನು ನೆನೆದರೆ, ಆ ಸೀಮೆಯಲ್ಲಿ ನೆಲವೆಂಬುದು ಎಷ್ಟು ಬಿಸಿಯಾದ ಪದಾರ್ಥವೆಂಬುದು ತಿಳಿಯುತ್ತದೆ. ಸಮುದಾಯವೇ ಕಟ್ಟಿದ ವಿದ್ಯಾಸಂಸ್ಥೆಯ ಮಾದರಿಯನ್ನು ಭಾರತದಲ್ಲಿ ಹುಡುಕುವುದಾದರೆ ಅಂಬೇಡ್ಕರರ ಪೀಪಲ್ಸ್ ಎಜುಕೇಷನ್ ಸೊಸೈಟಿಯತ್ತ ನೋಡಬೇಕು. ಮುಂಬಯಿಯ ಸಿದ್ಧಾರ್ಥ ಕಾಲೇಜು 1946ರಲ್ಲಿ, ಔರಂಗಾಬಾದಿನ ಮಿಲಿಂದ ಕಾಲೇಜು 1950ರಲ್ಲಿ ಹುಟ್ಟಿದವು. ಎರಡೂ ಎಲ್ಲರಿಗೂ ತೆರೆದಿದ್ದವು. ಪ್ರತ್ಯೇಕತೆಯನ್ನು ಒಪ್ಪಿಕೊಳ್ಳದೆಯೇ ತಮ್ಮದೆಂಬ ನೆಲೆಯನ್ನು ಕಟ್ಟುವ ಬಗೆ ಅದು.

ಕನ್ನಡನಾಡಿನಲ್ಲಿ ಇಂಥ ವಿಶ್ವವಿದ್ಯಾನಿಲಯ ಹುಟ್ಟಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರ ಶಾಲೆಗಳಿದ್ದವು. ಮೈಸೂರಿನಲ್ಲಿ 1918ರ ಮಿಲ್ಲರ್ ಸಮಿತಿ ಸರ್ಕಾರಿ ಹುದ್ದೆಗಳ ಅಸಮತೆಯನ್ನು ಪರಿಶೀಲಿಸಿತು. ಆದರೆ ಕಪ್ಪು ವಿಶ್ವವಿದ್ಯಾನಿಲಯಗಳು ಅಲ್ಲಿ ಮಾಡಿದ ಕೆಲಸದ ದೊಡ್ಡ ಪಾಲನ್ನು ಇಲ್ಲಿ ಮಾಡಿದ್ದು ವಿದ್ಯಾರ್ಥಿನಿಲಯಗಳು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲನ್ನು ಬಿಟ್ಟು ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಓದಲಾಗದು; ಅಲ್ಲಿ ಹಸಿವು, ನಗೆ, ಓದು, ಭಾಷಣ ಎಲ್ಲವೂ ಒಂದೇ ಸೂರಿನಡಿ ಇವೆ. 1973ರ ಬೂಸಾ ಪ್ರಕರಣದಲ್ಲಿ ಬಸವಲಿಂಗಪ್ಪನವರ ಮಾತಿಗಾಗಿ ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಎರಡು ವರ್ಷಗಳಲ್ಲಿ, 1975ರಲ್ಲಿ, 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಇಂದು ಅದು ಕನ್ನಡ ವಿಭಾಗಗಳ ಪಠ್ಯ.

ಪಠ್ಯ ಒಳಗೆ ಬಂದಿತು. ಅದು ಹುಟ್ಟಿದ ಕೋಣೆಯ ಚರಿತ್ರೆ ಹೊರಗೇ ಉಳಿಯಿತು. ವಿಭಾಗಗಳ ಸಂಸ್ಮರಣ ಸಂಪುಟಗಳು ಮುಖ್ಯಸ್ಥರ ಸರಣಿಯನ್ನೂ ಪ್ರಬಂಧಗಳ ಪಟ್ಟಿಯನ್ನೂ ತಪ್ಪದೆ ಅಚ್ಚು ಹಾಕುತ್ತವೆ. ಊಟದ ಮನೆಯ ಲೆಕ್ಕದ ಪುಸ್ತಕ, ಕೈಬರಹದ ಭಿತ್ತಿಪತ್ರಿಕೆ, ಅಡುಗೆಯವರ ನೆನಪು, ಪ್ರವೇಶದ ದಾಖಲೆ, ಇವನ್ನು ಆಕರಗಳೆಂದು ಬಗೆಯುವ ರೂಢಿ ಇನ್ನೂ ಬೆಳೆದಿಲ್ಲ. ಫೆಯೆಟ್‌ವಿಲ್‌ನಲ್ಲಿ 136 ಡಾಲರಿನ ಲೆಕ್ಕವನ್ನು ಯಾರೋ ಕಾಪಾಡಿದ್ದರಿಂದಲೇ ಅದು ಇಂದಿಗೂ ತಿಳಿದಿದೆ. ಇಲ್ಲಿ ಅಂಥ ಕಾಗದಗಳು ಹಳೆಯ ಹಾಸ್ಟೆಲುಗಳ ಕಪಾಟುಗಳಲ್ಲಿ ಇದ್ದರೆ, ಗೆದ್ದಲು ಹಿಡಿಯುವ ಮೊದಲು ಅವನ್ನು ಇಳಿಸಿ ನೋಡುವ ಕೆಲಸ ಕನ್ನಡ ವಿಭಾಗಗಳದೇ.