ಬಹದ್ದೂರ್ ಯಾಕೆ ಊರು ಬಿಟ್ಟ?

ಮುಂಬೈ, ಪುಣೆ, ದೆಹಲಿ ಎಲ್ಲೇ ಮನೆ ಮಾಡಿ, ಗೇಟಿನಲ್ಲಿ ಒಬ್ಬ ನೇಪಾಳಿ ಸಿಗುತ್ತಾನೆ. ಹೆಸರು ಕೇಳದೆ 'ಬಹದ್ದೂರ್' ಎಂದು ಕರೆದುಬಿಡುತ್ತೇವೆ. 1950ರ ಒಪ್ಪಂದದಿಂದಾಗಿ ಅವನಿಗೆ ವೀಸಾ ಬೇಕಿಲ್ಲ. ಆದರೆ ಗಡಿ ತೆರೆದಿದೆ ಎಂದ ಮಾತ್ರಕ್ಕೆ ಯಾರೂ ಹೆಂಡತಿ ಮಕ್ಕಳನ್ನು ಬಿಟ್ಟು ಬರುವುದಿಲ್ಲ.

ಊರಲ್ಲಿ ಕೆಲಸವಿಲ್ಲ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಕಠ್ಮಂಡುವಿನಲ್ಲಿದೆ. ನೇಪಾಳಿಗಳನ್ನೇ ಭೂತಾನಿನ ನಿರಾಶ್ರಿತರೆಂದು ತೋರಿಸಿ ಅಮೆರಿಕಕ್ಕೆ ಕಳಿಸುತ್ತೇವೆಂದು ಹಣ ಸುಲಿದ ಹಗರಣದಲ್ಲಿ 2023ರಲ್ಲಿ ಬಂಧಿತರಾದವರಲ್ಲಿ ಮಾಜಿ ಗೃಹ ಸಚಿವರೂ ಇದ್ದರು, ಮಾಜಿ ಉಪಪ್ರಧಾನಿಯೂ ಇದ್ದರು. ದೇಶ ಬಿಡುವ ಆಸೆಗೂ ಅಲ್ಲಿ ಲಂಚ!

ಹೊರಗೆ ದುಡಿಯುವವರು ಕಳಿಸುವ ಹಣ ನೇಪಾಳದ ಜಿಡಿಪಿಯ ಸುಮಾರು ಕಾಲು ಭಾಗ. ನನ್ನನ್ನು ಕಾಡುವುದು ಇದೇ. ಆ ಹಣದಿಂದ ಮನೆಯ ಒಲೆ ಉರಿಯುತ್ತದೆ, ಮಕ್ಕಳ ಫೀಸು ಕಟ್ಟುತ್ತಾರೆ. ಸರ್ಕಾರ ಏನೂ ಮಾಡದಿದ್ದರೂ ನಡೆದುಹೋಗುತ್ತದೆ. ಪ್ರಶ್ನೆ ಕೇಳಬೇಕಾದ ವಯಸ್ಸಿನವರೋ ಊರಲ್ಲೇ ಇಲ್ಲ. ನಾವು ಊರು ಬಿಟ್ಟರೂ ಇರುವಲ್ಲೇ ವೋಟು ಹಾಕಬಹುದು. ಅವನಿಗೆ ಇಲ್ಲಿ ವೋಟಿಲ್ಲ, ಅಲ್ಲಿ ಹಾಕಬೇಕೆಂದರೆ ರಜೆ ಹಾಕಿ ಹೋಗಬೇಕು.

2025ರ ಸೆಪ್ಟೆಂಬರ್‌ನಲ್ಲಿ ಊರಲ್ಲಿ ಉಳಿದಿದ್ದ ಹುಡುಗರು ಬೀದಿಗಿಳಿದರು. ಸಾಮಾಜಿಕ ಜಾಲತಾಣಗಳ ನಿಷೇಧ ಬರೀ ನೆಪ, ಸಿಟ್ಟೆಲ್ಲ ಭ್ರಷ್ಟಾಚಾರದ ಮೇಲೆ. ಎಪ್ಪತ್ತಕ್ಕೂ ಹೆಚ್ಚು ಜೀವ ಹೋಯಿತು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು.

ನಮ್ಮ ಸೊಸೈಟಿಯಲ್ಲಿ ಮೊನ್ನೆ ವಾಚ್‌ಮನ್ ಸಂಬಳ ಏರಿಸುವ ಮಾತು ಬಂದಾಗ ಒಬ್ಬರೆಂದರು, "ಇವನು ಹೋದರೆ ಇನ್ನೊಬ್ಬ ಸಿಗುತ್ತಾನೆ ಬಿಡಿ." ಸಿಗುತ್ತಾನೆ, ನಿಜ. ಮುಂದಿನ ಮೀಟಿಂಗ್‌ನಲ್ಲಿ ಆ ಮಾತನ್ನು ಮತ್ತೆ ಎತ್ತಲಿದ್ದೇನೆ. ನಿಮ್ಮಲ್ಲೂ ಎತ್ತಿ.