ಬೈಯುವ ಸಾಹೇಬರು, ಹೆದರುವ ಸಿಸ್ಟರು

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಫ್ರಿಜ್ಜಿನ ಪಕ್ಕ ಒಂದು ಪುಸ್ತಕ ಇರುವುದನ್ನು ನೀವು ನೋಡಿರಬಹುದು. ದಿನಕ್ಕೆ ಎರಡು ಬಾರಿ ಅದರಲ್ಲಿ ಉಷ್ಣಾಂಶ ಬರೆಯಬೇಕು. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿ ತಗುಲಿದರೆ ಲಸಿಕೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಲಸಿಕೆಗಳು ಹೆಪ್ಪುಗಟ್ಟಿದರೂ ಶಕ್ತಿ ಕಳೆದುಕೊಳ್ಳುತ್ತವೆ. ಸೀಸೆಯ ಮೇಲೆ ಬಣ್ಣ ಬದಲಾಗುವ ಗುರುತು ಶಾಖವನ್ನು ತೋರಿಸೀತೇ ಹೊರತು ಹೆಪ್ಪುಗಟ್ಟಿದ್ದನ್ನು ತೋರಿಸದು.

ಒಂದು ರಾತ್ರಿ ಫ್ರಿಜ್ ಕೆಟ್ಟು ಲಸಿಕೆ ಹೆಪ್ಪುಗಟ್ಟಿತೆನ್ನಿ. ಬೆಳಿಗ್ಗೆ ಸಿಸ್ಟರ್ ನೋಡುತ್ತಾರೆ. 'ಹೇಳಿದ್ದು ಒಳ್ಳೆಯದಾಯಿತು, ತೆಗೆದಿಡೋಣ' ಎನ್ನುವ ವೈದ್ಯಾಧಿಕಾರಿ ಇದ್ದರೆ ಆಕೆ ಹೇಳುತ್ತಾರೆ. 'ಯಾರು ಜವಾಬ್ದಾರಿ? ನೋಟಿಸ್ ಕೊಡುತ್ತೇನೆ' ಎನ್ನುವವರಿದ್ದರೆ ಪುಸ್ತಕದಲ್ಲಿ 4 ಡಿಗ್ರಿ ಎಂದೇ ಬೀಳುತ್ತದೆ. ಮಗು ಸೂಜಿ ಚುಚ್ಚಿಸಿಕೊಂಡು ಅಳುತ್ತದೆ, ತಾಯಿ ಕಾರ್ಡಿಗೆ ಗುರುತು ಹಾಕಿಸಿಕೊಂಡು ಮನೆಗೆ ಬರುತ್ತಾಳೆ. ರಕ್ಷಣೆ ಮಾತ್ರ ಸಿಕ್ಕಿರುವುದಿಲ್ಲ.

ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮೇಲಿನವರು ಕೆಳಗಿನವರನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬುದು ಇಲಾಖೆಯ ಒಳಗಿನ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. (ಫ್ರಿಜ್ ಕೆಟ್ಟಿದೆ, ಮುಂದಿನ ವಾರ ಬನ್ನಿ ಎಂದು ಸಿಸ್ಟರ್ ಹೇಳಿದರೆ ದಯವಿಟ್ಟು ಜಗಳವಾಡಬೇಡಿ. ಒಂದು ವಾರ ತಡವಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ.)

ನಿಯಮದಂತೆ ಬಯಲು ಪ್ರದೇಶದಲ್ಲಿ 30 ಸಾವಿರ, ಗುಡ್ಡಗಾಡಿನಲ್ಲಿ 20 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಮುಖ್ಯಸ್ಥ ಕೆಲವೊಮ್ಮೆ ಇಪ್ಪತ್ತೈದು ದಾಟದ ಹುಡುಗ ಅಥವಾ ಹುಡುಗಿ. ಕೈಕೆಳಗೆ ಅಷ್ಟೇ ವರ್ಷ ಸೇವೆ ಮಾಡಿದ ಸಿಸ್ಟರ್, ಫಾರ್ಮಸಿಸ್ಟ್, ಊರೂರಿನ ಆಶಾ ಕಾರ್ಯಕರ್ತೆಯರು. ಎಂಬಿಬಿಎಸ್‌ನಲ್ಲಿ ನಮಗೆ ಗುಲ್ಮದ ಗಾತ್ರ ಅಳೆಯಲು ಕಲಿಸಿದರು. ರಜೆ ಕೇಳಿ ಬಂದ ಸಿಬ್ಬಂದಿಯ ಜತೆ ಮಾತನಾಡಲು ಕಲಿಸಲಿಲ್ಲ. 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮ, ವೈದ್ಯನು ತಂಡದ ನಾಯಕನೂ ಸದಸ್ಯನೂ ಆಗಬೇಕೆನ್ನುತ್ತದೆ. ಒಳ್ಳೆಯದು. ಆದರೆ ವಾರ್ಡಿನ ರೌಂಡ್ಸಿನಲ್ಲಿ ರೋಗಿಯ ಎದುರೇ ಕಿರಿಯರನ್ನು ಗದರಿಸುವ ಪ್ರೊಫೆಸರರಿಂದ ವಿದ್ಯಾರ್ಥಿ ಕಲಿಯುವುದೇ ಬೇರೆ. ನಮ್ಮಲ್ಲಿ ಅದನ್ನು ಶಿಸ್ತು ಎನ್ನುತ್ತಾರೆ!

ಆ ಕಿರಿಯ ವೈದ್ಯನನ್ನೂ ಬೈಯುವವರಿದ್ದಾರೆ. ಪರಿಶೀಲನಾ ಸಭೆಯಲ್ಲಿ 'ನಿಮ್ಮ ಅಂಕಿ ಏಕೆ ಕಡಿಮೆ?' ಎಂಬ ಪ್ರಶ್ನೆ ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಕೇಂದ್ರಕ್ಕೆ, ಕೊನೆಗೆ ಆಶಾ ಕಾರ್ಯಕರ್ತೆಯ ತಲೆಯ ಮೇಲೆ ಇಳಿಯುತ್ತದೆ. ಕುಟುಂಬ ಯೋಜನೆಯ ಗುರಿ ನಿಗದಿಯನ್ನು ಕೇಂದ್ರ ಸರ್ಕಾರ 1996ರಲ್ಲೇ ಕೈಬಿಟ್ಟಿತ್ತು. ಆದರೂ 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಹತ್ತಕ್ಕೂ ಹೆಚ್ಚು ಮಹಿಳೆಯರು ತೀರಿಕೊಂಡರು. ಔಷಧ ಕಾರಣವೋ ಸೋಂಕು ಕಾರಣವೋ ಎಂಬ ಚರ್ಚೆ ಬೇರೆ. ಮಿತಿ ಮೀರುತ್ತಿದೆ, ನಿಲ್ಲಿಸಿ ಎನ್ನುವ ಧೈರ್ಯ ಆ ಕೋಣೆಯಲ್ಲಿ ಯಾರಿಗಾದರೂ ಇತ್ತೇ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಬೇಕಾಯಿತು.

ನೆರೆಯ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವೇ ಇದೆ. ಅದರ ಅಧಿಕಾರಿಗಳು ಆ ವಿಷಯದಲ್ಲಿ ತರಬೇತಿ ಪಡೆದು ಮೇಲೇರುತ್ತಾರೆ. ಹಲವು ರಾಜ್ಯಗಳಲ್ಲಿ ಸೇವಾ ಹಿರಿತನವೇ ಅರ್ಹತೆ. ಒಳ್ಳೆಯ ಸರ್ಜನ್ ಒಬ್ಬರನ್ನು ಥಿಯೇಟರಿನಿಂದ ಎಬ್ಬಿಸಿ ಕಡತಗಳ ಮುಂದೆ ಕೂರಿಸಿದರೆ ಸರ್ಜನ್ನೂ ಹೋದರು, ಆಡಳಿತವೂ ಬರಲಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಪ್ರತ್ಯೇಕ ನಿರ್ವಹಣಾ ವೃಂದ ಬೇಕೆಂದಿತು. 2022ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಯನ್ನೂ ಕೊಟ್ಟಿತು.

ವೃಂದ ರಚನೆಗೆ ಹಣ ಬೇಕು, ಕಾಲ ಬೇಕು. ಅದಕ್ಕೆ ಕಾಯದೆ ಮಾಡಬಹುದಾದದ್ದೂ ಇದೆ. ಹೊಸ ವೈದ್ಯರನ್ನು ಕೇಂದ್ರದ ಉಸ್ತುವಾರಿಗೆ ಹಾಕುವ ಮೊದಲು ಚೆನ್ನಾಗಿ ನಡೆಯುತ್ತಿರುವ ಕೇಂದ್ರವೊಂದರ ಹಿರಿಯರ ಜತೆ ಹದಿನೈದು ದಿನ ಬಿಡಲಿ. ತಿಂಗಳ ಸಭೆಯ ಮೊದಲ ಅರ್ಧ ಗಂಟೆ, ಏನು ಕೆಟ್ಟಿತು ಎಂದು ಸಿಬ್ಬಂದಿ ಹೇಳಲಿ. ಆ ಹೊತ್ತಿನಲ್ಲಿ ಹೇಳಿದ್ದಕ್ಕೆ ಯಾರಿಗೂ ನೋಟಿಸ್ ಹೋಗದಿರಲಿ.