ಹೊಟ್ಟೆಯಲ್ಲಿ ಉಳಿದ ಬಟ್ಟೆ

1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೆರಿಗೆಯ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಗೆ ಜ್ವರ, ನೋವು ಇಳಿಯಲೇ ಇಲ್ಲ. ಮತ್ತೆ ಹೊಟ್ಟೆ ಕೊಯ್ದಾಗ ಸಿಕ್ಕಿದ್ದು ಕೀವಿನ ನಡುವೆ ಒಂದು ಬಟ್ಟೆ. ಆಕೆ ಬದುಕಲಿಲ್ಲ. ಇದು ನಿರ್ಲಕ್ಷ್ಯವೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಪರಿಹಾರದ ಮಾತು ಮುಗಿಯಲು ಒಂದು ತಲೆಮಾರೇ ಕಳೆಯಿತು.

ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಸೇರುತ್ತದೆಂದು ಅದೇ ನ್ಯಾಯಾಲಯ 1995ರಲ್ಲಿ ಸ್ಪಷ್ಟಪಡಿಸಿತ್ತು. ಆದ್ದರಿಂದ ಈಗ ಜಿಲ್ಲಾ ಗ್ರಾಹಕ ಆಯೋಗವೇ ಹತ್ತಿರದ ಬಾಗಿಲು. ದೂರಿಗೆ ಸಾಮಾನ್ಯವಾಗಿ 2 ವರ್ಷಗಳ ಗಡುವಿದೆ; ವಕೀಲರಿಲ್ಲದೆಯೂ ವಾದಿಸಬಹುದು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಬಡವರಿಗೆ ದಾರಿ ಕಠಿಣವಾಗುವುದು ಇಲ್ಲಿಯೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ; ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇದಕ್ಕೆ ಆದಾಯ ಮಿತಿಯಿಲ್ಲದೆ ಅರ್ಹರು.

ಗೆಲುವು ನಿಲ್ಲುವುದು ಕಾಗದಗಳ ಮೇಲೆ. ಕೇಸ್ ಶೀಟ್, ಒಪ್ಪಿಗೆ ಪತ್ರ, ಸ್ಕ್ಯಾನ್, ಡಿಸ್ಚಾರ್ಜ್ ಚೀಟಿ, ಬಿಲ್ಲು ಎಲ್ಲವೂ ಬೇಕು. ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡುವುದು ವೈದ್ಯರ ಕರ್ತವ್ಯವೆಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. ಚಿಕಿತ್ಸೆ ಫಲಿಸದಿದ್ದ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ, ಹಾಗಾಗಿ ಬೇರೊಬ್ಬ ತಜ್ಞರ ಲಿಖಿತ ಅಭಿಪ್ರಾಯ ಬಹುಪಾಲು ಪ್ರಕರಣಗಳಲ್ಲಿ ನಿರ್ಣಾಯಕ. ಒಳಗೆ ಉಳಿದ ಬಟ್ಟೆಗಾದರೆ ಬೇರೆ ಸಾಕ್ಷಿ ಅಷ್ಟಾಗಿ ಬೇಕಿಲ್ಲ. ವೈದ್ಯರ ನೋಂದಣಿ ಕುರಿತ ಶಿಸ್ತುಕ್ರಮಕ್ಕೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಪರಿಹಾರದ ಹಣ ಕೊಡಿಸುವ ಅಧಿಕಾರ ಅದಕ್ಕಿಲ್ಲ.